ಗೋಡೆಯಾಚೆಯ ಹಸಿರು ಚುಕ್ಕೆ

ಬಾಳೂರಿನ ರುದ್ರಪ್ಪನವರ ಎಸ್ಟೇಟಿನಲ್ಲಿ ಯಾರು ಎಲ್ಲಿದ್ದಾರೆಂದು ಹೇಳಬೇಕಾದವಳು ಪ್ರೇಮಲತಾ. ಮೊಬೈಲ್ ಸಿಗ್ನಲ್ ಆ ಗುಡ್ಡಗಳಿಗೆ ಬರುವ ಮನಸ್ಸನ್ನೇ ಮಾಡಿರಲಿಲ್ಲ. ಹಾಗಾಗಿ ಆಫೀಸಿನ ವಾಕಿಟಾಕಿ ಹಿಡಿದು ಬೆಳಗಿನಿಂದ ಸಂಜೆವರೆಗೆ "ಎಲ್ಲಿದ್ದೀರಿ, ಎಲ್ಲಿದ್ದೀರಿ" ಎಂದು ಕೇಳುವುದೇ ಅವಳ ಉದ್ಯೋಗ. ಕಾಫಿ ಕೊಯ್ಯುವ ರಾಮಮ್ಮನ ಮಗಳು ಫ್ಯಾನಿನ ಕೆಳಗೆ ಕೂತು ಸಂಬಳ ಎಣಿಸುತ್ತಾಳೆಂದು ಕೂಲಿಯವರ ಲೈನುಮನೆಗಳಲ್ಲಿ ಕೆಲವರಿಗೆ ಹೊಟ್ಟೆಯುರಿ. ಉರಿಯಲಿ ಬಿಡಿ.

೨೦೦೯ರ ಫೆಬ್ರವರಿಯಲ್ಲಿ ಡಿಜಿಟಲ್ ವಾಕಿಟಾಕಿ ಸೆಟ್ಟುಗಳು ಬಂದವು. ಇನ್ನು ಬಾಯಿಬಿಟ್ಟು ಕೇಳಬೇಕಾಗಿಯೇ ಇರಲಿಲ್ಲ. ಕಂಪ್ಯೂಟರು ತಾನೇ ಸದ್ದಿಲ್ಲದೆ ಪ್ರತಿ ಸೆಟ್ಟನ್ನೂ ವಿಚಾರಿಸಿ, ತೋಟದ ನಕ್ಷೆಯ ಮೇಲೆ ಹೆಸರಿನ ಸಮೇತ ಚುಕ್ಕೆ ಇಡುತ್ತಿತ್ತು. ಸೆಟ್ಟು ಆನ್ ಇದ್ದರೆ ಹಸಿರು, ಆಫ್ ಆದರೆ ಬೂದು.

ಅಷ್ಟು ಚುಕ್ಕೆಗಳಲ್ಲಿ ಪ್ರೇಮಲತಾಳ ಕಣ್ಣು ನೆಟ್ಟಿದ್ದು ಸ್ಪ್ರಿಂಕ್ಲರ್ ನೋಡಿಕೊಳ್ಳುವ ಸುರೇಂದ್ರನ ಮೇಲೆ. ಅವನ ಮನೆಯವರು ಅವಳನ್ನು ಮದುವೆಗೆ ಕೇಳಿ ಕಳಿಸಿದ್ದರು. ಭಾನುವಾರದೊಳಗೆ ಉತ್ತರ ಹೇಳಬೇಕಿತ್ತು. ಅವಳಿಗೂ ಮನಸ್ಸಿತ್ತು. ಆದರೆ ಈ ಹಾಳು ಚುಕ್ಕೆ ದಿನಾ ಮಧ್ಯಾಹ್ನ ಹೋಗಿ ಕೂರುತ್ತಿದ್ದುದು ಶಂಕರಮ್ಮನ ಮನೆಯಲ್ಲಿ. ಆ ಮನೆಯಲ್ಲಿ ಮದುವೆ ವಯಸ್ಸಿಗೆ ಬಂದ ಮಗಳಿದ್ದಾಳೆ. ಅದೇ ಹೊತ್ತಿಗೆ ಮೇಸ್ತ್ರಿ ಗುರುವಯ್ಯನ ಚುಕ್ಕೆ ಆಫೀಸಿನ ಹಿಂದಿನ ಹಲಸಿನ ಮರದಡಿ ಬಂದು ನಿಲ್ಲುತ್ತಿತ್ತು. ಮುದುಕ ನಿದ್ದೆ ಹೊಡೆಯುತ್ತಾನೆಂದು ಅವಳು ನಕ್ಕು ಸುಮ್ಮನಾಗುತ್ತಿದ್ದಳು.

"ಅವ್ರಿಗೆ ಏನಂತ ಹೇಳ್ಲಿ ಮಗಾ?" ಎಂದು ಸಂಜೆ ಮನೆಯಲ್ಲಿ ಕೇಳಿದಳು ತಾಯಿ ರಾಮಮ್ಮ.

"ಬೇಡ ಅನ್ನು."

"ಅಯ್ಯೋ, ಒಳ್ಳೆ ಹುಡ್ಗ ಕಣೇ!"

"ಎಷ್ಟು ಒಳ್ಳೇವ್ರು ಅಂತ ಕಂಪ್ಯೂಟರಲ್ಲಿ ನೋಡ್ತಾನೇ ಇದೀನಿ."

ಹಾಗೆಂದಳೇನೋ, ಆದರೆ ಆ ರಾತ್ರಿ ಅವಳಿಗೆ ಅನ್ನ ಸೇರಲಿಲ್ಲ.

ಮರುದಿನ ಮಧ್ಯಾಹ್ನ ಚುಕ್ಕೆ ಮತ್ತೆ ಶಂಕರಮ್ಮನ ಮನೆಗೇ ಹೋಯಿತು. ಪ್ರೇಮಲತಾಳಿಗೆ ತಡೆಯಲಾಗಲಿಲ್ಲ. ಅದುವರೆಗೆ ಮಾತೆಲ್ಲ ಎಲ್ಲರೂ ಕೇಳುವ ಚಾನೆಲ್ಲಿನಲ್ಲೇ ನಡೆಯುತ್ತಿತ್ತು. ಇವತ್ತು ಅವಳು ಮೊದಲ ಸಲ ಆ ಒಂದೇ ಚುಕ್ಕೆಯನ್ನು ಒತ್ತಿ, ಆ ಸೆಟ್ಟಿಗೆ ಮಾತ್ರ ಕೇಳುವಂತೆ ಕರೆದಳು.

"ಏನ್ ಸುರೇಂದ್ರ ಅವ್ರೇ, ಶಂಕರಮ್ಮನ ಮನೆ ಒಳಗೆ ಸ್ಪ್ರಿಂಕ್ಲರ್ ಹಾಕ್ತಿದೀರಾ?"

ಬಾಯಿ ತುಂಬ ಎಲೆ ಅಡಿಕೆ ತುಂಬಿಕೊಂಡ ಸ್ವರ ಬಂತು. "ಯಾವ ಸುರೇಂದ್ರ ಮಾರಾಯ್ತಿ? ನಾನು ಗುರುವಯ್ಯ. ತಂಗಿ ಮನೇಲಿ ಊಟ ಮಾಡೂ ಹಾಗಿಲ್ವಾ?"

"ಅವ್ರ ಸೆಟ್ಟು ನಿಮ್ಮ ಹತ್ರ ಹ್ಯಾಗೆ ಬಂತು?"

"ಎಲ್ಲಾ ಒಂದೇ ಥರ ಇದ್ವಲ್ಲ! ಮೊದ್ಲ ದಿನ ಚಾರ್ಜಿಂದ ಕೈಗೆ ಸಿಕ್ಕಿದ್ದು ತಗೊಂಡೆ. ಸ್ವರ ಚಂದ ಇತ್ತು, ಗುರುತಿಗೆ ದಾರ ಕಟ್ಟಿ ಇಟ್ಕೊಂಡೆ. ನಂದು ಅವ್ನ ಹತ್ರ ಇರ್ಬೇಕು ನೋಡು."

ಪ್ರೇಮಲತಾ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ನಗುತ್ತಲೇ ನಕ್ಷೆಯ ಕಡೆ ತಿರುಗಿದವಳು ತಟ್ಟನೆ ನಿಲ್ಲಿಸಿದಳು. ಗುರುವಯ್ಯ ತಂಗಿ ಮನೆಯಲ್ಲಿ ಊಟಕ್ಕೆ ಕೂತಿದ್ದರೆ, ಹಲಸಿನ ಮರದಡಿ ಅವನ ಹೆಸರು ಹೊತ್ತು ನಿಂತಿರುವ ಹಸಿರು ಚುಕ್ಕೆ ಯಾರದು? ಎದ್ದು ನೋಡೋಣವೆಂದರೆ ಆಫೀಸಿನ ಹಿಂದಿನ ಗೋಡೆಗೆ ಕಿಟಕಿಯಿಲ್ಲ. ಅವಳು ಆ ಚುಕ್ಕೆಯನ್ನು ಒತ್ತಿದಳು.

"ಎಲ್ಲಿದ್ದೀರಿ?"

"ಇಲ್ಲೇ... ಮೋಟಾರ್ ಹತ್ರ," ಎಂದ ಸುರೇಂದ್ರ.

ಮೋಟಾರು ಇರುವುದು ಕೆಳಗೆ ಹಳ್ಳದ ದಡದಲ್ಲಿ.

"ಸುಳ್ಳು. ನನ್ನ ಬೆನ್ನ ಹಿಂದೆ, ಹಲಸಿನ ಮರದ ಕೆಳಗಿದ್ದೀರಿ. ದಿನಾ ಬರ್ತೀರಿ."

ಸುರೇಂದ್ರ ಒಪ್ಪಿಕೊಂಡ: "ಊಟದ ಹೊತ್ತಲ್ಲಿ ನೀವು ಹಾಡ್ತೀರಲ್ಲ. ಅದು ಸೆಟ್ಟಲ್ಲಿ ಬರಲ್ಲ."

ತಾನು ಒಬ್ಬಳೇ ಗುನುಗಿಕೊಳ್ಳುವುದು ಯಾರ ಕಿವಿಗೂ ಬೀಳದೆಂದೇ ಅವಳು ತಿಳಿದಿದ್ದಳು. ಮುಖ ಕೆಂಪಾಯಿತು. ಖುಷಿ ಎಷ್ಟಾಯಿತೆಂದರೆ ಕುರ್ಚಿಯಲ್ಲಿ ಕೂರಲಾಗದೆ ಎದ್ದು ನಿಂತೇ ಬಟನ್ ಒತ್ತಿದಳು.

"ಭಾನುವಾರ ನಿಮ್ಮ ಅಪ್ಪ ಅಮ್ಮನ್ನ ನಮ್ಮನೆಗೆ ಕರ್ಕೊಂಡು ಬನ್ನಿ. ಹಿಂದ್ಗಡೆ ಅಲ್ಲ, ಮುಂದಿನ ಬಾಗ್ಲಿಗೆ."