ಖಾಲಿ ಲಾರಿಯ ತೂಕ

ಅದಿರಿನ ಲಾರಿಗಳು ಹಗಲಿಡೀ ಸಾಲುಗಟ್ಟಿ ಓಡುತ್ತಿದ್ದ ವರ್ಷಗಳಲ್ಲಿ ನಾನು ಹೊಸಪೇಟೆಯ ಪಿಯು ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದೆ. ಒಣಹಾಕಿದ ಸೀರೆ ಅದಿರಿನ ಧೂಳಿಗೆ ಸಂಜೆಯೊಳಗೆ ಕೆಂಪಾಗಿರುತ್ತಿತ್ತು. ನನ್ನ ಸಿಟ್ಟಿಗೆ ಅಷ್ಟೇ ಸಾಕಾಗುತ್ತಿತ್ತು.

ಆಗ ವಡ್ಡು ಎಂಬ ಊರಿನಿಂದ ಒಬ್ಬಾತ ಮನೆಪಾಠಕ್ಕೆ ಬರತೊಡಗಿದ. ಮೂವತ್ತರ ಆಸುಪಾಸು. ಗಣಿಯ ಕಾಟಾದಲ್ಲಿ ಲಾರಿ ತೂಗುವ ಕೆಲಸ. ಪಿಯುಸಿಯಲ್ಲಿ ಉಳಿದಿದ್ದ ಕೆಮಿಸ್ಟ್ರಿ ಪಾಸಾದರೆ ಕಂಪನಿಯವರು ಲ್ಯಾಬಿನಲ್ಲಿ ಕಾಯಂ ಮಾಡುವವರಿದ್ದರು. ಎರಡು ಸಲ ಫೇಲಾಗಿದ್ದ.

"ಈ ಸಲ ಆಗ್ಲಿಲ್ಲಂದ್ರ ಆ ಜಾಗಾ ಬ್ಯಾರೆಯವ್ರಿಗೆ ಹೋಕ್ಕೈತ್ರಿ ಮೇಡಂ," ಎಂದ.

ಅವನಿಗೆ ತೊಡಕಾಗಿದ್ದದ್ದು ಲಿಮಿಟಿಂಗ್ ರಿಯೇಜೆಂಟ್. ಎರಡು ವಸ್ತು ಕೂಡಿ ಇನ್ನೊಂದಾಗುವಾಗ ಯಾವುದು ಮೊದಲು ಮುಗಿಯುತ್ತದೆ ಎಂಬ ಲೆಕ್ಕ. ಲಾರಿಯಿಂದಲೇ ಹೇಳಿಕೊಟ್ಟೆ: ಒಂದು ಲಾರಿಗೆ ಹತ್ತು ಟೈರು ಬೇಕು, ಲಾರಿ ಐದಿವೆ, ಟೈರು ನಲವತ್ತಿವೆ. ಮೊದಲು ಮುಗಿಯುವುದು ಟೈರು. ಗ್ರಾಂ ನೋಡಿ ಹೇಳಬಾರದು, ಗ್ರಾಮನ್ನು ಅಣುತೂಕದಿಂದ ಭಾಗಿಸಿ ಮೋಲ್ ಮಾಡಿ, ಆಮೇಲೆ ಯಾವುದಕ್ಕೆ ಎಷ್ಟು ಬೇಕೆಂದು ನೋಡಬೇಕು. ಆತ ತಲೆಯಾಡಿಸಿದ. ನೈಟ್ರೋಜನ್ ಇಪ್ಪತ್ತೆಂಟು ಗ್ರಾಂ, ಹೈಡ್ರೋಜನ್ ಎಂಟು ಗ್ರಾಂ ಕೊಟ್ಟು ಅಮೋನಿಯಾದ ಲೆಕ್ಕ ಹಾಕಿಸಿದೆ. ಮೊದಲು ಮುಗಿಯುವುದು ನೈಟ್ರೋಜನ್ ಎಂದು ಬರೆದ. ಸರಿಯಿತ್ತು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೆ, ಉತ್ತರವಷ್ಟೇ ನೋಡಿ ರೈಟ್ ಹಾಕಿದೆ. ಹೀಗೇ ಮೂರು ವಾರ ನಡೆಯಿತು. ನನ್ನ ಪಾಠವೇ ಪಾಠ ಎಂದು ಬೀಗಿದ್ದೂ ಉಂಟು.

ಆತ ಮತ್ತೆ ಫೇಲಾದ. ನೋಟ್‌ಬುಕ್ಕು, ಪ್ರಶ್ನೆಪತ್ರಿಕೆ ಎರಡನ್ನೂ ಹಿಡಿದು ಬಂದ. ಪರೀಕ್ಷೆಯಲ್ಲಿ ನೈಟ್ರೋಜನ್ ಐವತ್ತಾರು, ಹೈಡ್ರೋಜನ್ ಹದಿನಾಲ್ಕು ಗ್ರಾಂ ಕೊಟ್ಟಿದ್ದರು. ಹೈಡ್ರೋಜನ್ ಮೊದಲು ಮುಗಿಯುತ್ತದೆ ಎಂದು ಬರೆದಿದ್ದನಂತೆ. ತಪ್ಪು. ಹೇಗೆ ಮಾಡಿದಿರಿ, ತೋರಿಸಿ ಎಂದೆ.

ಐವತ್ತಾರರಲ್ಲಿ ನೈಟ್ರೋಜನ್ನಿನ ಅಣುತೂಕ ಇಪ್ಪತ್ತೆಂಟು ಕಳೆದ, ಹದಿನಾಲ್ಕರಲ್ಲಿ ಹೈಡ್ರೋಜನ್ನಿನದು ಎರಡು ಕಳೆದ. ಇಪ್ಪತ್ತೆಂಟಕ್ಕಿಂತ ಹನ್ನೆರಡು ಕಡಿಮೆ, ಅದಕ್ಕೇ ಹೈಡ್ರೋಜನ್ ಎಂದ.

"ಯಾಕ್ರೀ ಕಳದ್ರಿ? ಭಾಗಿಸ್ರಿ ಅಂದಿದ್ನಲ್ಲ."

"ಕಾಟಾದಾಗ ಲೋಡಿನ ತೂಕದಾಗ ಖಾಲಿ ಲಾರಿ ತೂಕ ಕಳದ್ರನ ಮಾಲಿನ ತೂಕ ಸಿಗೋದು ರೀ. ಅಣುತೂಕಾನೂ ಹಂಗ ಅನ್ಕೊಂಡೆ. ಭಾಗಿಸ್ರಿ ಅಂದಾಗ ತಿಳೀಲಿಲ್ಲ. ಕಳದು ನೋಡಿದೆ, ನೀವು ರೈಟ್ ಹಾಕಿದ್ರಿ."

ನೋಟ್‌ಬುಕ್ಕು ತಿರುವಿದೆ. ಪ್ರತಿ ಪುಟದಲ್ಲೂ ಕಳೆದಿದ್ದ. ನಾನು ಸುಲಭವಾಗಲೆಂದು ಮೊದಲು ಮುಗಿಯುವ ವಸ್ತುವನ್ನು ಪ್ರತಿ ಸಲವೂ ಸರಿಯಾಗಿ ಒಂದೇ ಮೋಲ್, ಅಂದರೆ ಅದರ ಅಣುತೂಕದಷ್ಟೇ ಗ್ರಾಂ, ಕೊಟ್ಟಿದ್ದೆ. ಕಳೆದರೆ ಸೊನ್ನೆ, ಉತ್ತರ ಸರಿ. ನನಗೆ ನಾಚಿಕೆಯಾಯಿತು. ಮುಚ್ಚಿಡುವ ಮನಸ್ಸಾದದ್ದೂ ನಿಜ.

"ತಪ್ಪು ನಂದು ರೀ," ಎಂದೆ. "ನಿಮ್ಮ ಲೆಕ್ಕ ನಾನು ಒಂದಿನಾನೂ ಓದಲಿಲ್ಲ."

ಆತ ನೋಟ್‌ಬುಕ್ಕನ್ನು ತನ್ನತ್ತ ಎಳೆದುಕೊಂಡ.

"ಹಂಗಾರ ನನಗ ತಲಿ ಐತೇನ್ರಿ?"

"ಐತಿ. ತಿಳಿಸಿ ಹೇಳಿದ್ರ ಒಂದಿನದಾಗ ಕಲೀತಿದ್ರಿ."

"ಇದನ್ನ ಒಂದು ಹಾಳ್ಯಾಗ ಬರದು ಕೊಡ್ರಿ. ನಮ್ಮನಿಯಾಕಿಗೆ ತೋರಸ್ತೀನಿ."

ತಪ್ಪು ನನ್ನದು, ಇವರಿಗೆ ತಲೆಯಿದೆ ಎಂದು ಬರೆದು, ಕೆಳಗೆ ಸಹಿ ಹಾಕಿಕೊಟ್ಟೆ. ಲ್ಯಾಬಿನ ಜಾಗಕ್ಕೆ ಆ ವಾರವೇ ಬೇರೊಬ್ಬರನ್ನು ತೆಗೆದುಕೊಂಡರು.