ಕಾಕನ ಬೇಲಿ ಚಿಗುರಿದ್ದು

ಮನುಷ್ಯ ಹೋದ ಮೇಲೆ ಉಳಿಯುವುದು ಅವನು ಮಾಡಿದ ಒಳ್ಳೆಯ ಕೆಲಸವೊಂದೇ ಎಂದು ಹಿರಿಯರು ಹೇಳಿದ್ದಾರೆ. ಹಿರಿಯರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನನ್ನ ಅನುಭವದಲ್ಲಿ ಉಳಿಯುವುದು ಬಹುಮಟ್ಟಿಗೆ ಸೌತೆಕಾಯಿ. ಮೊನ್ನೆ ನಮ್ಮ ಮನೆಯಾಕೆ ಅಂಗಡಿಯಿಂದ ಒಂದು ಮೊಗೆಕಾಯಿ ತಂದಿದ್ದಳು, ಸಾಂಬಾರಿಗೆ ಹಾಕುವ ಹಳದಿ ಪಟ್ಟೆಯ ದಪ್ಪ ಸೌತೆ. ಅದನ್ನು ಈಳಿಗೆಮಣೆಗೆ ಕೊಟ್ಟಾಗ ಅಡುಗೆಮನೆಯಿಂದ ತಣ್ಣನೆಯ, ತುಸು ಹುಳಿ ಬೆರೆತ ವಾಸನೆಯೊಂದು ಬಂತು. ಪೇಪರ್ ಓದುತ್ತಿದ್ದವನು ನನಗೇ ತಿಳಿಯದೆ ತಲೆಯೆತ್ತಿ ಛಾವಣಿ ನೋಡಿದೆ. ಅಲ್ಲಿ ಫ್ಯಾನು ಮಾತ್ರ ಇತ್ತು.

"ಏನು ನೋಡ್ತಿದ್ದೀರಿ?" ಎಂದಳು.

ನಾನು ಪೇಪರ್ ಮಡಚಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಅವಳೂ ಒಮ್ಮೆ ಮೇಲೆ ನೋಡಿದಳು...

ಎಪ್ಪತ್ತರ ದಶಕದ ನಡುವಿನಲ್ಲಿ ನನ್ನನ್ನು ಕೊಟ್ಟಿಗೆಹಾರದ ದನದ ಆಸ್ಪತ್ರೆಗೆ ಕಾಂಪೌಂಡರ್ ಆಗಿ ಹಾಕಿದ್ದರು. ನಾನು ಕಡೂರು ಕಡೆಯವನು. ನಮ್ಮಲ್ಲಿ ಮಳೆ ಬಂದರೆ ಹಬ್ಬ, ಇಲ್ಲಿ ಮಳೆ ಬಿಟ್ಟರೆ ಹಬ್ಬ. ಆ ಊರಿಗೆ ತರಕಾರಿ ಬರುತ್ತಿದ್ದದ್ದು ಚಾರ್ಮಾಡಿ ಘಟ್ಟದ ಕೆಳಗಿನಿಂದ, ಬಸ್ಸಿನ ಟಾಪಿನ ಮೇಲೆ. ಮಳೆಗಾಲದಲ್ಲಿ ಗುಡ್ಡ ಜಾರಿ ಘಟ್ಟ ಬಂದ್ ಆಯಿತೆಂದರೆ ತರಕಾರಿಯೂ ಬಂದ್. ಆಮೇಲೆ ಆಲೂಗಡ್ಡೆ, ಈರುಳ್ಳಿ, ತಿನ್ನುವವರಿಗೆ ಒಣಮೀನು. ಸರ್ಕಲ್ಲಿನಲ್ಲಿ ಹೋಟೆಲ್ ನಡೆಸುತ್ತಿದ್ದ ಭಟ್ಟರು ಆ ದಿನಗಳಲ್ಲಿ ಆಲೂಗಡ್ಡೆ ಪಲ್ಯ, ಆಲೂಗಡ್ಡೆ ಹುಳಿ, ಆಲೂಗಡ್ಡೆ ಬೋಂಡ ಎಲ್ಲ ಮಾಡಿ ಮುಗಿಸಿ, ಪಾಯಸವೊಂದನ್ನು ಮಾತ್ರ ಗಿರಾಕಿಗಳ ಮೇಲಿನ ದಯೆಯಿಂದ ಬಿಟ್ಟಿದ್ದರು.

ಅದೇ ಸರ್ಕಲ್ಲಿನಲ್ಲಿ ಒಂದು ಮೆಕ್ಯಾನಿಕ್ ಶೆಡ್ ಇತ್ತು. ಅದರ ಯಜಮಾನರನ್ನು ಊರೆಲ್ಲ ಕರೆಯುತ್ತಿದ್ದದ್ದು ಕಾಕ ಎಂದೇ. ಘಟ್ಟದಲ್ಲಿ ಕೆಟ್ಟು ನಿಂತ ಬಸ್ಸು, ಲಾರಿ, ಎಸ್ಟೇಟಿನ ಜೀಪು, ಯಾವುದಿದ್ದರೂ ಕಾಕನೇ ಹೋಗಬೇಕು. ನಾನು ಬಂದ ಹೊಸತರಲ್ಲಿ ಒಂದು ಜೀಪಿನ ಫ್ಯಾನ್ ಬೆಲ್ಟು ಅವರ ಬಲಗೈ ಬೆರಳುಗಳನ್ನು ತೆಗೆದುಕೊಂಡುಬಿಟ್ಟಿತು. ಶೆಡ್ಡನ್ನು ಅಳಿಯ ನೋಡಿಕೊಂಡ. ಕಾಕ ಹೊರಗೆ ಹಳೇ ಬಸ್ಸಿನ ಸೀಟೊಂದರ ಮೇಲೆ ಕೂತಿರುತ್ತಿದ್ದರು. ಹೋಗುವವರು ಬರುವವರು "ಹೇಗಿದ್ದೀರಿ ಕಾಕಾ?" ಎಂದು ಮೆಲ್ಲಗೆ ಕೇಳುತ್ತಿದ್ದರು, ರೋಗಿಯನ್ನು ಕೇಳುವ ಹಾಗೆ. ಅದೊಂದನ್ನು ಮಾತ್ರ ಅವರಿಂದ ಸಹಿಸಲಾಗುತ್ತಿರಲಿಲ್ಲ. ಬೆರಳು ಹೋದದ್ದಕ್ಕಿಂತ, ಯಾರೂ ತನ್ನನ್ನು ಕೆಲಸಕ್ಕೆ ಕರೆಯುವುದಿಲ್ಲ ಎಂಬುದು ಅವರಿಗೆ ದೊಡ್ಡದಾಗಿತ್ತು.

ಒಂದು ದಿನ ಆಸ್ಪತ್ರೆಗೆ ಬಂದು, "ಕಂಪೌಂಡ್ರೆ, ಸಗಣಿ ಎಷ್ಟು ಸಿಕ್ತದೆ ಇಲ್ಲಿ?" ಎಂದರು.

ಸರ್ಕಾರಿ ಸಗಣಿಯ ವಿಲೇವಾರಿಯ ಬಗ್ಗೆ ನನಗೆ ಮೇಲಿನಿಂದ ಯಾವ ಆದೇಶವೂ ಇರಲಿಲ್ಲ. "ಬೇಕಾದಷ್ಟು. ಯಾಕೆ ಕಾಕಾ?"

"ತರಕಾರಿ ಬೆಳೀತೇನೆ. ಸ್ಪ್ಯಾನರಿಗೆ ಬೆರಳು ಬೇಕು, ಗುದ್ದಲಿಗೆ ಅಂಗೈ ಸಾಕು."

ಜಾಗ ಕೊಟ್ಟವರು ಊರಾಚೆಯ ಎಸ್ಟೇಟಿನ ಗೌಡರು. ಅವರ ತೋಟದ ಅಂಚಿಗೆ ಒಂದು ಬೋಳು ಗುಡ್ಡವಿತ್ತು. ಒಂದು ಮರವಿಲ್ಲ, ಬರೀ ಹುಲ್ಲು ಮತ್ತು ಗಾಳಿ. ಕಾಫಿಗೆ ನೆರಳು ಬೇಕು. ನೆರಳಿಲ್ಲದ ಜಾಗ ಕಾಫಿಯವರ ಲೆಕ್ಕದಲ್ಲಿ ಜಾಗವೇ ಅಲ್ಲ. "ಮಾಡ್ಕೊಳಿ ಕಾಕಾ. ಅಲ್ಲಿ ನೆರಳು ಬರೋ ತನಕ ನಿಮ್ದೇ" ಎಂದು ಗೌಡರು ನಕ್ಕರು. ಅಲ್ಲಿ ನೆರಳು ಬರುವುದೆಂದರೆ ಕೋಳಿಗೆ ಹಲ್ಲು ಬರುವ ಹಾಗೆ ಎಂದು ನಾವೂ ನಕ್ಕೆವು.

ಕಾಕ ಮಾಡಿದ ಏರ್ಪಾಡು ಊರಿಗೆ ಹೊಸದು. ಸೇರುವ ಮನೆಯವರು ಮೊದಲೇ ಕೊಡಬೇಕು. ಬೀಜಕ್ಕೆ ಅಷ್ಟಿಷ್ಟು ದುಡ್ಡು, ಒಲೆಯ ಬೂದಿ, ಕೊಟ್ಟಿಗೆಯ ಗೊಬ್ಬರ, ಆಗೀಗ ಒಂದು ಭಾನುವಾರದ ಮೈಗೆಲಸ. ಬೆಳೆದದ್ದರಲ್ಲಿ ಎಲ್ಲರಿಗೂ ಸಮ ಪಾಲು. ಬೆಳೆ ಹೋದರೆ ಹೋದದ್ದರಲ್ಲೂ ಸಮ ಪಾಲು. ಆರಿಸುವ ಹಾಗಿಲ್ಲ, ಬೇಡ ಎನ್ನುವ ಹಾಗಿಲ್ಲ. ಹೀಗಾಗಿ ಹರಿವೆ ಸೊಪ್ಪಿನ ಕಾಲದಲ್ಲಿ ಇಡೀ ಬೀದಿಯಲ್ಲಿ ಹರಿವೆಯದೇ ಹುಳಿ, ಬದನೆಯ ಕಾಲದಲ್ಲಿ ಬದನೆಯದೇ. ಮಧ್ಯಾಹ್ನ ಯಾರ ಮನೆಗೆ ಊಟಕ್ಕೆ ಹೋದರೂ ನಮ್ಮ ಮನೆಗೇ ವಾಪಸು ಬಂದಂತಾಗುತ್ತಿತ್ತು. ಭಟ್ಟರ ಹೋಟೆಲ್ಲಿಗೂ ಒಂದು ಪಾಲಿತ್ತು.

"ಬಸ್ಸಿನೋರು ಕೇಳ್ತಾರೆ ಕಾಕಾ, ನಿಮ್ಮೂರಲ್ಲಿ ದೇವ್ರು ಹರಿವೆ ಬಿಟ್ಟು ಬೇರೆಂಥದೂ ಹುಟ್ಸಿಲ್ವಾ ಅಂತ" ಎಂದು ಭಟ್ಟರು ಒಮ್ಮೆ ದೂರಿದರು.

"ಹುಟ್ಸಿದ್ದಾನೆ ಭಟ್ರೇ. ಮುಂದಿನ ತಿಂಗ್ಳು ಕಳಿಸ್ತಾನಂತೆ ಅನ್ನಿ."

ಮಳೆ ಕಳೆದ ಮೇಲೆ ಬೀನ್ಸು, ಮೂಲಂಗಿ, ನವಿಲುಕೋಸು. ಇಬ್ಬನಿಯ ತಿಂಗಳುಗಳಲ್ಲಿ ಗುಡ್ಡ ನೋಡಲು ಚೆಂದವಿರುತ್ತಿತ್ತು. ಬೇಸಿಗೆಯಲ್ಲಿ ಹಳ್ಳದ ನೀರನ್ನು ರೇಡಿಯೇಟರಿನ ಹಳೇ ಹೋಸುಗಳನ್ನು ಒಂದಕ್ಕೊಂದು ಕಟ್ಟಿ ತರುತ್ತಿದ್ದರು. ಬೆದರುಬೊಂಬೆಗೆ ಒಬ್ಬ ಕಂಡಕ್ಟರನ ಖಾಕಿ ಅಂಗಿ ತೊಡಿಸಿದ್ದರು. ಹಕ್ಕಿಗಳು ಹೆದರಿದಂತೆ ಕಾಣಲಿಲ್ಲ, ಅವು ಎಂದೂ ಟಿಕೆಟ್ ತೆಗೆದುಕೊಂಡವಲ್ಲ. ಆದರೆ ಮಳೆಗಾಲದ ಬೆಳೆ ಮಾತ್ರ ಕೈಗೆ ಹತ್ತುತ್ತಿರಲಿಲ್ಲ. ಅಲ್ಲಿನ ಗಾಳಿ ಚಪ್ಪರವನ್ನು ಕಿತ್ತು ಹಾಕುತ್ತಿತ್ತು, ಬೇಲಿ ಮುರಿದ ಕಡೆ ಹಂದಿ ನುಗ್ಗುತ್ತಿತ್ತು. ಘಟ್ಟ ಮುಚ್ಚಿದ ದಿನಗಳಲ್ಲೇ ನಮ್ಮ ಬುಟ್ಟಿಯಲ್ಲಿ ಒಂದು ಹಿಡಿ ಕೆಸುವಿನ ಎಲೆ ಇರುತ್ತಿತ್ತು, ಅಷ್ಟೆ. ಕಾಕ ಅದನ್ನೂ ತಪ್ಪದೆ ಮನೆಮನೆಗೆ ತಲುಪಿಸಿ, ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದರು.

"ಒಂದು ಮಳೆಗಾಲ, ಕಂಪೌಂಡ್ರೆ. ಘಟ್ಟ ಬಂದಾದ ಒಂದು ಮಳೆಗಾಲ ನಮ್ಮ ಮನೆಗಳಲ್ಲಿ ಯಾರೂ ಆಲೂಗಡ್ಡೆ ಮುಟ್ಬಾರ್ದು. ಆಮೇಲೆ ನಾನು ಮೆಕ್ಯಾನಿಕ್ ಅಲ್ಲ, ಬೆಳೆಗಾರ ಅಂತ ಹೇಳ್ಕೊಳ್ತೇನೆ."

ಒಣ ಗೂಟದ ಬೇಲಿಯನ್ನು ಗಾಳಿ ತಿನ್ನುತ್ತದೆ, ಉಳಿದದ್ದನ್ನು ಗೆದ್ದಲು. ಒಂದು ವರ್ಷ ಮೇ ತಿಂಗಳಲ್ಲಿ ಗೌಡರ ತೋಟದಲ್ಲಿ ಮರಗಸಿ ನಡೆಯುತ್ತಿತ್ತು. ಮಳೆಗೆ ಮುಂಚೆ ನೆರಳಿನ ಮರಗಳ ಕೊಂಬೆ ಇಳಿಸುವ ಕೆಲಸ. ಹಾಲವಾಣದ ಕೊಂಬೆಗಳು ರಾಶಿ ಬಿದ್ದಿದ್ದವು. ಕಾಕ ಕೇಳಿದರು, ತೋಟದ ಮೇಸ್ತ್ರಿ ಕೊಟ್ಟರು. ಒಂದು ಭಾನುವಾರ ಊರಿನ ಅರ್ಧ ಗಂಡಸರು ಸೇರಿ ಆ ಕೊಂಬೆಗಳನ್ನು ಗೂಟ ಮಾಡಿ ಸುತ್ತಲೂ ಹೊಡೆದೆವು. ಗಾಳಿ ತಡೆಯಲಿ ಎಂದು ಪಾತಿಗಳ ನಡುವೆ ಸಾಲುಸಾಲಾಗಿ ಹೊಡೆದೆವು. ಬಸಳೆ ಚಪ್ಪರಕ್ಕೂ ಅವೇ ಕಂಬ. ಭಟ್ಟರು ಮುಳ್ಳು ಚುಚ್ಚಿಸಿಕೊಂಡು, ತಮ್ಮ ವಂಶದಲ್ಲಿ ಬೇಲಿಗಾಗಿ ರಕ್ತ ಸುರಿಸಿದ ಮೊದಲಿಗ ತಾನೇ ಎಂದು ಘೋಷಿಸಿದರು.

ಹಾಲವಾಣದ ಗೂಟ ನೆಲ ಮುಟ್ಟಿ ಮಳೆ ಕಂಡರೆ ಚಿಗುರುತ್ತದೆ. ಅದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು, ನಮಗೂ ಗೊತ್ತಿತ್ತು. ಜೂನಿನಲ್ಲಿ ಬೇಲಿಯ ತುಂಬ ಎಳೆ ಹಸಿರು ಒಡೆದಾಗ ನಾವು ಸಂತೋಷಪಟ್ಟೆವು. ಇನ್ನು ಬೇಲಿ ಬೀಳುವುದಿಲ್ಲವಲ್ಲ! ವರ್ಷಕ್ಕೊಮ್ಮೆ ಕೊಂಬೆ ಇಳಿಸಿ ಸೊಪ್ಪನ್ನು ಪಾತಿಗೆ ಹಾಕುತ್ತಿದ್ದೆವು. ಕಡಿದಷ್ಟೂ ಅದು ದಪ್ಪವಾಗುತ್ತಿತ್ತು. ಗಾಳಿ ಹೊರಗೇ ನಿಂತಿತು. ಹಂದಿ ವಾಪಸು ಹೋಯಿತು. ನಾಲ್ಕಾರು ಮಳೆಗಾಲ ಹೀಗೇ ಕಳೆದು, ಕಾಕ ಕೇಳಿಕೊಂಡಿದ್ದ ಆ ಮಳೆಗಾಲವೂ ಬಂತು.

ಆ ಬೇಸಿಗೆಯಲ್ಲಿ ಮೊಗೆಕಾಯಿ ಹಿಂದೆಂದೂ ಇಲ್ಲದ ಹಾಗೆ ಬಿಟ್ಟಿತ್ತು. ಕಾಕ ಮನೆಮನೆಗೆ ಬಂದು, ಉಳಿದ ಬೆರಳುಗಳಿಂದಲೇ ಬಾಳೆನಾರಿನ ಕುಣಿಕೆ ಹಾಕಿ, ಕಾಯಿಗಳನ್ನು ಒಂದೊಂದಾಗಿ ಅಡುಗೆಮನೆಯ ಜಂತಿಗೆ ತೂಗುಹಾಕಿದರು. ನಮ್ಮ ಮನೆಯಾಕೆ ಸ್ಟೂಲು ಹಿಡಿದು ನಿಂತಿದ್ದಳು. "ಒಂದಕ್ಕೊಂದು ತಾಗ್ಬಾರ್ದು ತಂಗೀ. ತಾಗಿದ್ರೆ ಒಂದ್ರ ಕೊಳೆ ಇನ್ನೊಂದಕ್ಕೆ. ಮನುಷ್ಯರ ಹಾಗೇ." ಘಟ್ಟ ಜಾರಿತು, ರಸ್ತೆ ಬಂದಾಯಿತು, ಹೊರಗೆ ಹಗಲೂ ಕತ್ತಲೆ. ನಾವು ತಲೆಯ ಮೇಲಿನಿಂದ ಒಂದೊಂದೇ ಇಳಿಸಿ ತಿಂದೆವು. ಗಾಳಿ ನಿಂತ ಗುಡ್ಡದಿಂದ ಹೀರೆ, ಬೆಂಡೆಯೂ ಬಂದವು. ಭಟ್ಟರ ಹೋಟೆಲ್ಲಿನಲ್ಲಿ ಆ ಮಳೆಗಾಲ ಆಲೂಗಡ್ಡೆ ಬೇಯಲಿಲ್ಲ. ಮಳೆ ಸ್ವಲ್ಪ ಬಿಟ್ಟ ದಿನ ಭಟ್ಟರು ಎಲ್ಲರೆದುರು, "ಬೆಳೆಗಾರರಿಗೆ ಒಂದು ಚಾ ಕೊಡೋ" ಎಂದು ಮಾಣಿಗೆ ಕೂಗಿ ಹೇಳಿದರು. ಕಾಕ ಆ ಚಾ ಕುಡಿಯಲು ಬಹಳ ಹೊತ್ತು ತೆಗೆದುಕೊಂಡರು...

ಮಳೆ ಮುಗಿದ ಮೇಲೆ ಗೌಡರು ಗುಡ್ಡ ನೋಡಲು ಬಂದರು. ನಾನೂ ಅಲ್ಲಿದ್ದೆ. ಅಲ್ಲಿಗೆ ಬಂದವರೆಲ್ಲ ಬಗ್ಗಿ ಪಾತಿ ನೋಡುತ್ತಿದ್ದರು. ಗೌಡರು ತಲೆಯೆತ್ತಿ ಮೇಲೆ ನೋಡಿದರು.

"ಎಂಥ ನೆರಳು ಮಾಡಿದ್ದೀರಿ ಕಾಕಾ!" ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾದ ಮೆಚ್ಚುಗೆಯೇ ಇತ್ತು. "ನಾನು ಆ ಕಡೆ ನೆರಳಿಗೆ ಸಿಲ್ವರ್ ಮರ ನೆಟ್ಟು ಕಾದೂ ಕಾದೂ ಸಾಕಾಯ್ತು."

"ಅದು ಬೇಲಿ ಗೌಡ್ರೆ" ಎಂದರು ಕಾಕ.

"ಬೇಲಿ ಹೌದು. ನೆರಳೂ ಹೌದಲ್ಲ."

"ಬೇಕಾದ್ರೆ ಕಡಿದು ಹಾಕ್ತೇನೆ."

"ಛೆ ಛೆ! ಇಂಥಾ ಮರ ಯಾರಾದ್ರೂ ಕಡೀತಾರಾ ಮಾರಾಯ್ರೆ? ಪಾಪ ಬರ್ತದೆ."

ಆ ವರ್ಷಗಳಲ್ಲಿ ಕಾಫಿಗೆ ಬೆಲೆ ಬಂದಿತ್ತು. ಅಂಗಳದ ತುಳಸಿಯೊಂದನ್ನು ಬಿಟ್ಟು ಉಳಿದ ಕಡೆಗೆಲ್ಲ ಜನ ಕಾಫಿ ನೆಡುತ್ತಿದ್ದ ಕಾಲ. ಬೇಸಿಗೆ ಬೆಳೆ ತೆಗೆದುಕೊಂಡು ಮಳೆಗೆ ಮುಂಚೆ ಜಾಗ ಬಿಟ್ಟುಕೊಟ್ಟರೆ ಸಾಕು ಎಂದು ಗೌಡರು ಮರ್ಯಾದೆಯಿಂದಲೇ ಹೇಳಿ ಜೀಪು ಹತ್ತಿದರು.

ನಾವು ಪಾಲುದಾರರೆಲ್ಲ ಒಂದು ನಿಯೋಗ ಮಾಡಿಕೊಂಡು ಗೌಡರ ಬಂಗಲೆಗೆ ಹೋದೆವು. ಭಟ್ಟರು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಗೌಡರು ನಮ್ಮನ್ನು ಕೂರಿಸಿ, ನಮ್ಮ ಮಾತನ್ನೆಲ್ಲ ಪೂರ್ತಿ ಕೇಳಿದರು. ಆಮೇಲೆ, "ನೀವೇ ಹೇಳಿ ಕಂಪೌಂಡ್ರೆ. ನೆರಳು ಬರೋ ತನಕ ಅಂತ ತಾನೆ ಕೊಟ್ಟಿದ್ದು? ನಾನು ಮಾತು ತಪ್ಪಿದ್ನಾ?" ಎಂದರು. ತಪ್ಪಿರಲಿಲ್ಲ. ಕಾಫಿ ಬಂತು. ಕುಡಿದೆವು. ಕಾಫಿ ಬಹಳ ಚೆನ್ನಾಗಿತ್ತು, ಅದನ್ನು ಇಲ್ಲಿ ದಾಖಲಿಸದಿದ್ದರೆ ಅನ್ಯಾಯವಾಗುತ್ತದೆ.

ಕಾಕನಿಗೆ ವಿಷಯ ಹೇಳಿದೆ. ಅವರು ಪಾತಿಯಿಂದ ಏಳಲಿಲ್ಲ.

"ಗೌಡ್ರದ್ದೇನೂ ತಪ್ಪಿಲ್ಲ. ಗೂಟ ಒಣಗಿಸಿ ಹೊಡೀಬೇಕಿತ್ತು" ಎಂದರು.

ಆ ಕೊನೆಯ ಬೇಸಿಗೆಯಲ್ಲೂ ಕಾಕ ಯಾವ ಕೆಲಸವನ್ನೂ ಕಡಿಮೆ ಮಾಡಲಿಲ್ಲ. ಬಂದದ್ದನ್ನೆಲ್ಲ ಎಂದಿನಂತೆ ಸಮ ಪಾಲು ಮಾಡಿ ಹಂಚಿದರು. ಬೀಜಕ್ಕೆಂದು ಮಾತ್ರ ಏನನ್ನೂ ಬಿಟ್ಟುಕೊಳ್ಳಲಿಲ್ಲ. ಜೂನಿನಲ್ಲಿ ಆಳುಗಳು ಬಂದು ಕಾಫಿಗೆ ಗುಂಡಿ ತೆಗೆದರು. ವರ್ಷಗಟ್ಟಲೆ ಗೊಬ್ಬರ ಕಂಡ ಮಣ್ಣು. ಗುದ್ದಲಿ ಹಾಕಿದಲ್ಲಿ ತಾನಾಗಿ ಇಳಿಯುತ್ತಿತ್ತು. "ಇಷ್ಟು ಸಲೀಸಾದ ಗುಂಡಿ ನಾನು ತೆಗ್ಸಿದ್ದೇ ಇಲ್ಲ" ಎಂದು ಮೇಸ್ತ್ರಿ ಹೋಟೆಲ್ಲಿನಲ್ಲಿ ಹೇಳುತ್ತಿದ್ದರು. ಗೌಡರು ಕಾಕನಿಗೆ ಆ ತೋಟದ ಕಾವಲಿನ ಕೆಲಸ ಕೊಡುತ್ತೇನೆಂದರು, ಒಳ್ಳೆಯ ಮನಸ್ಸಿನಿಂದಲೇ. ಕಾಕ ಬೇಡವೆಂದು ಮತ್ತೆ ಶೆಡ್ಡಿನ ಹೊರಗೆ ಆ ಬಸ್ಸಿನ ಸೀಟಿನ ಮೇಲೆ ಕೂತರು. ನಾವು ಹೋಗುವಾಗ ಬರುವಾಗ "ಹೇಗಿದ್ದೀರಿ ಕಾಕಾ?" ಎಂದು ಮೆಲ್ಲಗೆ ಕೇಳತೊಡಗಿದೆವು. ಬೇರೆ ಏನು ಕೇಳಬೇಕೆಂದು ಗೊತ್ತಿರಲಿಲ್ಲ...

ಚಳಿಗಾಲದಲ್ಲಿ ಅವರು ಘಟ್ಟದ ಕೆಳಗಿದ್ದ ದೊಡ್ಡ ಮಗಳ ಮನೆಗೆ ಹೋದರು. ಮುಂದಿನ ಮಳೆಗಾಲದಲ್ಲಿ ಅಲ್ಲೇ ತೀರಿಕೊಂಡರು. ಸುದ್ದಿ ಟ್ರಂಕ್ ಕಾಲ್ ಮೂಲಕ ಪೋಸ್ಟಾಫೀಸಿಗೆ ಬಂತು. ಭಟ್ಟರು ಹೋಟೆಲ್ ಮುಚ್ಚಿ, ಕೊಡೆ ಹಿಡಿದು, ನನ್ನನ್ನೂ ಕರೆದುಕೊಂಡು ಬಸ್ ಸ್ಟ್ಯಾಂಡಿನವರೆಗೆ ಬಂದರು. ಘಟ್ಟ ಜಾರಿತ್ತು. ಬಸ್ಸು ಇರಲಿಲ್ಲ. ಮಣ್ಣು ಮಾಡಲು ನಮ್ಮ ಕಡೆಯಿಂದ ಯಾರಿಗೂ ಹೋಗಲಾಗಲಿಲ್ಲ. ಭಟ್ಟರು ವಾಪಸು ಬಂದು ಹೋಟೆಲ್ ತೆರೆದು ಒಲೆ ಹಚ್ಚಿದರು. ಆ ದಿನ ಅಲ್ಲಿ ಆಲೂಗಡ್ಡೆ ಹುಳಿ.

ನನಗೆ ಆಮೇಲೆ ತರೀಕೆರೆಗೆ ವರ್ಗವಾಯಿತು. ಭಟ್ಟರೂ ಈಗಿಲ್ಲ. ಹೋದ ತಿಂಗಳು ಧರ್ಮಸ್ಥಳಕ್ಕೆ ಹೋಗುವಾಗ ಕೊಟ್ಟಿಗೆಹಾರದಲ್ಲಿ ಬಸ್ಸು ಚಾಗೆಂದು ನಿಂತಿತು. ಇಳಿದು ಗುಡ್ಡದ ಕಡೆ ನಡೆದೆ. ಒಳಗೆ ಬಿಡಲಿಲ್ಲ, ಗೇಟು ಹಾಕಿದ್ದಾರೆ. ಹಾಲವಾಣಗಳು ತಬ್ಬಿದರೆ ಕೈಗೆ ಸಿಗದಷ್ಟಾಗಿವೆ, ಮೆಣಸಿನ ಬಳ್ಳಿ ಹಬ್ಬಿದೆ. ಗೇಟಿನಲ್ಲಿದ್ದ ಹುಡುಗನನ್ನು ತೋಟ ಹೇಗಿದೆ ಎಂದು ಕೇಳಿದೆ. ಇಡೀ ಎಸ್ಟೇಟಿನಲ್ಲಿ ಈ ತುಂಡಿನಲ್ಲೇ ಫಸಲು ಜಾಸ್ತಿ ಎಂದ.