ಹನ್ನೆರಡು ಆಳಿನ ಸರ್ವರ್, ಹತ್ತು ಆಳಿನ ಲ್ಯಾಪ್‌ಟಾಪ್

ಶಿರಾದ ಒಂದು ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಪಾಠ ಮಾಡುತ್ತೇನೆ. ಒಮ್ಮೆ ಕೆಟ್ಟುಹೋಗಿದ್ದ ಕಾಲೇಜಿನ ಬೆಲ್ಲು ರಿಪೇರಿ ಮಾಡಿದ ತಪ್ಪಿಗೆ ಕಂಪ್ಯೂಟರುಗಳ ಉಸ್ತುವಾರಿಯನ್ನೂ ನನ್ನ ತಲೆಗೆ ಕಟ್ಟಿದರು. ಮಾಡಿದ್ದುಣ್ಣೋ ಮಹಾರಾಯ. ಉಸ್ತುವಾರಿ ಎಂದರೆ ಮುಖ್ಯವಾಗಿ ಒಂದು ಸರ್ವರ್. ಹದಿನಾಲ್ಕು ವರ್ಷ ಹಳೆಯದು. ಅಂಕಪಟ್ಟಿ, ಹಾಜರಿ, ಪ್ರವೇಶದ ದಾಖಲೆ ಎಲ್ಲ ಅದರ ಹೊಟ್ಟೆಯಲ್ಲಿದ್ದವು. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ, ನಿಂಬೆಹಣ್ಣು, ಚೆಂಡುಹೂವು ಸಲ್ಲುತ್ತಿದ್ದವು. ಒಂದು ವರ್ಷ ಕುಂಕುಮ ಒಳಗೆ ಹೋಗಿ ಅದು ಮೂರು ದಿನ ಕೆಲಸಕ್ಕೆ ಬರಲಿಲ್ಲ. ಆಮೇಲೆ ಪೂಜೆಯನ್ನು ಬಾಗಿಲಿಗೆ ಮಾಡಿದೆವು.

ಅದನ್ನು ನೋಡಿಕೊಳ್ಳಲು ಒಬ್ಬರು ಅಟೆಂಡರ್ ಇದ್ದರು. ಗೌಡಗೆರೆ ಕಡೆಯ ಹೆಂಗಸು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಅವರ ಆದೇಶಪತ್ರದಲ್ಲಿ ‘ಸರ್ವರ್ ಕೊಠಡಿಯ ನಿರ್ವಹಣೆಗಾಗಿ, ತಾತ್ಕಾಲಿಕವಾಗಿ’ ಎಂದಿತ್ತು. ತಾತ್ಕಾಲಿಕ ಎಂದರೆ ನಮ್ಮಲ್ಲಿ ಒಂಬತ್ತು ವರ್ಷ. ಎಸಿ ನೋಡುವುದು, ಜಾಲರಿಯ ದೂಳು ತೆಗೆಯುವುದು, ಕೊಠಡಿ ಎಷ್ಟು ಕಾದಿದೆ ಎಂದು ಗಂಟೆಗೊಮ್ಮೆ ಪುಸ್ತಕದಲ್ಲಿ ಬರೆಯುವುದು, ಕರೆಂಟು ಹೋದರೆ ಓಡುವುದು ಅವರ ಕೆಲಸ. ನಾನು ತೆಲುಗು ಗಡಿಯ ರಾಯಚರ್ಲು ಕಡೆಯವನು. ನಮ್ಮ ಕಡೆ ಬಿಸಿಲನ್ನು ಸೋಲಾರ್ ಹಲಗೆ ಹಾಸಿ ಹಿಡಿದು, ಕರೆಂಟು ಮಾಡಿ ಹೊರಗೆ ಕಳಿಸುತ್ತಾರೆ. ಶಿರಾದ ಬಿಸಿಲು ಪೂರ್ತಿ ಶಿರಾದವರ ತಲೆಯ ಮೇಲೆಯೇ ಖರ್ಚಾಗುತ್ತದೆ. ಅಂಥ ಊರಿನಲ್ಲಿ ಏಪ್ರಿಲ್ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದವರು ಅವರೊಬ್ಬರೇ.

ಹೋದ ಏಪ್ರಿಲ್‌ನಲ್ಲಿ ಆಫೀಸಿಗೆ ಹೊಸ ಲ್ಯಾಪ್‌ಟಾಪ್ ಬಂತು. ಆಡಳಿತ ಮಂಡಳಿಯ ಕಾರ್ಯದರ್ಶಿ ನನ್ನನ್ನು ಕರೆಸಿದರು.

“ಈ ತೆಳ್ಳಂದೇ ಆ ಬೀರುವಿನ ಕೆಲ್ಸನೆಲ್ಲ ಮಾಡುತ್ತಂತಲ್ರೀ. ಎರಡರ ಪ್ರೊಸೆಸರ್ರೂ ಹೋಲ್ಸಿ ಒಂದು ವರದಿ ಕೊಡಿ. ಹಳೇದು ಗೆದ್ರೆ ಇರ್ಲಿ. ಸೋತ್ರೆ ಆ ಸರ್ವರ್ರೂ ಬೇಡ, ಆ ರೂಮೂ ಬೇಡ, ಎಸೀನೂ ಬೇಡ.”

ಅಟೆಂಡರೂ ಬೇಡ ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ. ನಾನು ಬಂದು ವಿಷಯ ತಿಳಿಸಿದಾಗ ಆಕೆಯೇ ಅದನ್ನು ಹೇಳಿದರು.

“ಸರ್ವರ್ ಹೋದ್ರೆ ನಾನೂ ಹೋಗ್ಬೇಕಲ್ವ ಸಾರ್.”

“ಆರ್ಡರ್‌ನಲ್ಲಿ ಅಂಗೇ ಐತೆ ಕಣಮ್ಮ.”

“ನಮ್ಮನೆ ಕಡೇಲಿ ಕುರ್ಚಿ ಮ್ಯಾಲೆ ಕುಂತು ಮಾಡೋ ಕೆಲ್ಸ ಸಿಕ್ಕಿದ್ದು ನನ್ಗೇ ಮೊದ್ಲು ಸಾರ್” ಎಂದರು. ಅಷ್ಟು ಹೇಳಿ ಜಾಲರಿಯ ದೂಳು ತೆಗೆಯಲು ಹೋದರು.

ಹೋಲಿಕೆ ಶುರುಮಾಡಿದೆ. ಸರ್ವರಿನಲ್ಲಿ ಎರಡು ಪ್ರೊಸೆಸರ್, ಒಂದೊಂದರಲ್ಲಿ ಆರು ಕೋರ್, ಒಟ್ಟು ಹನ್ನೆರಡು. ಲ್ಯಾಪ್‌ಟಾಪ್‌ನಲ್ಲಿ ಇರುವುದು ಒಂದೇ ಪ್ರೊಸೆಸರ್, ಹತ್ತು ಕೋರ್. ಅದರಲ್ಲೂ ಎರಡು ದೊಡ್ಡವು, ಎಂಟು ಚಿಕ್ಕವು. ಕೋರ್ ಅಂದರೇನು ಎಂದು ಆಕೆ ಕೇಳಿದರು. ಆಳು ಅಂದುಕೊಳ್ಳಿ ಎಂದೆ.

“ಹನ್ನೆರಡು ಆಳು ಹತ್ತು ಆಳಿಗೆ ಸೋಲ್ತಾರ ಸಾರ್? ಅದ್ರಲ್ಲೂ ಎಂಟು ಜನ ಚಿಕ್ಕೋರು.”

“ಅವು ಹೊಸ ಆಳು. ಕೈ ಚುರುಕು.”

ಮೊದಲು ಒಂದು ಉದ್ದನೆಯ ಲೆಕ್ಕ ಕೊಟ್ಟೆ. ಒಂದು ಹಂತ ಮುಗಿದ ಮೇಲೇ ಮುಂದಿನ ಹಂತ, ಅಂಥ ಲೆಕ್ಕ. ಲ್ಯಾಪ್‌ಟಾಪ್ ಒಂದು ನಿಮಿಷದೊಳಗೆ ಮುಗಿಸಿತು. ಸರ್ವರ್ ಹತ್ತಿರ ಹತ್ತಿರ ಮೂರು ನಿಮಿಷ ತೆಗೆದುಕೊಂಡಿತು. ಮಿಕ್ಕ ಹನ್ನೊಂದು ಆಳು ಏನು ಮಾಡುತ್ತಿದ್ದರು ಎಂದು ಆಕೆ ಕೇಳಿದರು. ಕೂತಿದ್ದರು ಎಂದೆ. ಮುದ್ದೆ ತೊಳಸುವಾಗ ಕೋಲು ಒಬ್ಬರ ಕೈಯಲ್ಲೇ ಇರಬೇಕು, ಹನ್ನೆರಡು ಜನ ಹಿಡಿದರೆ ಗಂಟಾಗುತ್ತದೆ ಎಂದು ವಿವರಿಸಿದೆ.

“ಅಂಗಾದ್ರೆ ಕಡ್ಲೆಕಾಯಿ ಸುಲಿಯೋ ಅಂಥ ಕೆಲ್ಸ ಕೊಡಿ ಸಾರ್. ಅದ್ಕೆ ಆಳು ಎಷ್ಟಿದ್ರೂ ಸಾಲ್ದು.”

ಈ ವಿಷಯ ಇಷ್ಟು ಸಲೀಸಾಗಿ ಹೇಳಿದವರನ್ನು ನಾನು ಯಾವ ಪುಸ್ತಕದಲ್ಲೂ ಕಂಡಿಲ್ಲ. ಕಡಲೆಕಾಯಿ ಸುಲಿಯುವಂಥ ಕೆಲಸ ನಮ್ಮಲ್ಲಿ ಇತ್ತು. ಕಾಲೇಜಿನ ಹಳೆಯ ಪ್ರವೇಶ ಪುಸ್ತಕಗಳ ಪುಟಗಳನ್ನೆಲ್ಲ ಫೋಟೋ ತೆಗೆದು ಇಟ್ಟಿದ್ದೆವು. ಆ ಅಕ್ಷರಗಳನ್ನು ಯಂತ್ರವೇ ಓದಿ ಟೈಪು ಮಾಡಬೇಕು. ಒಂದು ಪುಟಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಯಾವ ಆಳು ಯಾವ ಪುಟವನ್ನಾದರೂ ಹಿಡಿಯಬಹುದು. ಕಾರ್ಯದರ್ಶಿಯ ಮುಂದೆ ಓಡಿಸುವ ಮೊದಲು ನಾನೇ ನೂರು ಪುಟ ಕೊಟ್ಟು ನೋಡಿದೆ. ಅಂತರ ಹೆಚ್ಚಿರಲಿಲ್ಲ, ಆದರೂ ಲ್ಯಾಪ್‌ಟಾಪೇ ಮುಂದೆ. ಸಿಟ್ಟು ಬಂದರೆ ನನಗೆ ತೆಲುಗು ಬರುತ್ತದೆ. ಅದಕ್ಕೆ ತೆಲುಗಿನಲ್ಲೇ ನಾಲ್ಕು ಮಾತು ಅಂದೆ.

ಆಗ ನನಗೊಂದು ಅಡ್ಡ ಬುದ್ಧಿ ಹೊಳೆಯಿತು. ತೆಳ್ಳಗಿನ ಯಂತ್ರ ಕಾವು ತಡೆಯುವುದಿಲ್ಲ. ಕಾದರೆ, ಸುಟ್ಟುಹೋಗಬಾರದೆಂದು ತಾನೇ ನಿಧಾನವಾಗುತ್ತದೆ. ಲ್ಯಾಪ್‌ಟಾಪ್ ಇನ್ನು ಮುಂದೆ ಎಸಿ ಇಲ್ಲದ ಆಫೀಸಿನಲ್ಲಿರುವುದು, ಆದ್ದರಿಂದ ಪರೀಕ್ಷೆಯೂ ಎಸಿ ಇಲ್ಲದ ಕಡೆಯೇ ಆಗಬೇಕು ಎಂದು ಕಾರ್ಯದರ್ಶಿಗೆ ಹೇಳಿದೆ. ಅಲ್ಲಿಯವರೆಗೆ ನ್ಯಾಯವೇ. ಸರ್ವರ್ ಕೊಠಡಿಯ ಹೊರಗಿದ್ದ ಆಕೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಡುವಾಗ, ಹೊಸ ಸಾಮಾನಿಗೆ ಗೀರು ಬೀಳಬಾರದು ಎಂದು ಹೇಳಿ, ಆಕೆಯ ಸ್ವೆಟರನ್ನು ನಾಲ್ಕು ಮಡಿಕೆ ಮಾಡಿ ಅಡಿಗೆ ಹಾಸಿದೆ. ಗಾಳಿಯ ಕಂಡಿಗಳು ಅಡಿಯಲ್ಲೇ ಇದ್ದವು. ಇಪ್ಪತ್ತು ವರ್ಷ ಉಷ್ಣದ ಪಾಠ ಮಾಡಿದವನು ಅದನ್ನು ಒಂದು ಕೆಲಸಕ್ಕೆ ಬಳಸಿದ್ದು ಆ ದಿನವೇ.

ಎರಡನ್ನೂ ಒಟ್ಟಿಗೆ ಬಿಟ್ಟೆ. ಮೊದಲು ಲ್ಯಾಪ್‌ಟಾಪ್ ಮುಂದೋಡಿತು. ಆಮೇಲೆ ಕಾದು ಕುಂಟತೊಡಗಿತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಸರ್ವರ್ ಕೆಲವು ಪುಟ ಮುಂದಿತ್ತು. ಹನ್ನೆರಡು ಮುದಿ ಆಳುಗಳು ಎಸಿಯಲ್ಲಿ ಒಂದೇ ಸಮ ಸುಲಿಯುತ್ತಿದ್ದರು. ಕಾರ್ಯದರ್ಶಿ ಹನ್ನೆರಡು ಗಂಟೆಗೆ ಬರುವವರಿದ್ದರು. ನಾನು ನೆಮ್ಮದಿಯಾಗಿ ಟೀ ಕುಡಿಯಲು ಹೋದೆ. ಟೀ ಜೊತೆಗೆ ಒಂದು ವಡೆಯನ್ನೂ ತಿಂದೆ.

ವಾಪಸು ಬಂದಾಗ ಸ್ವೆಟರ್ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಲ್ಯಾಪ್‌ಟಾಪಿನ ನಾಲ್ಕು ಮೂಲೆಗೆ ನೀರಿನ ಬಾಟ್ಲಿಯ ನಾಲ್ಕು ಮುಚ್ಚಳ ಕೊಟ್ಟು ಎತ್ತರಿಸಿದ್ದರು. ಟೇಬಲ್ ಫ್ಯಾನು ಅದರ ಕಡೆ ತಿರುಗಿತ್ತು. ಆಕೆ ಪಕ್ಕದಲ್ಲಿ ನಿಂತು ಅದರ ಅಡಿಗೆ ಬೆರಳು ಹಾಕಿ ಕಾವು ನೋಡುತ್ತಿದ್ದರು.

“ಬಾಳ ಕಾದೋಗಿತ್ತು ಸಾರ್. ಅಡೀಗೆ ಗಾಳಿನೇ ಆಡ್ತಿರ್ಲಿಲ್ಲ.”

ಅಷ್ಟರಲ್ಲಿ ಕಾರ್ಯದರ್ಶಿ ಬಂದುಬಿಟ್ಟರು. ಮಾಡುವುದೇನೂ ಉಳಿದಿರಲಿಲ್ಲ. ಅವರು ಕೈಕಟ್ಟಿಕೊಂಡು ನಿಂತು ನೋಡುತ್ತಿದ್ದಂತೆಯೇ ಲ್ಯಾಪ್‌ಟಾಪ್ ಹಿಂದಿನ ಬಾಕಿಯನ್ನೆಲ್ಲ ತುಂಬಿಕೊಂಡು, ಸರ್ವರನ್ನು ದಾಟಿ, ಪುಟಗಳನ್ನು ಮುಗಿಸಿತು. “ಸರಿ, ಬರೆದು ಕೊಡಿ” ಎಂದು ಅವರು ಊಟಕ್ಕೆ ಹೋದರು.

ನನಗೆ ತಡೆಯಲಾಗಲಿಲ್ಲ.

“ಏನಮ್ಮ ನೀವು. ನಾನು ಸ್ವೆಟರ್ ಯಾಕೆ ಹಾಸಿದ್ದೆ ಅಂತ ಗೊತ್ತಾಗ್ಲಿಲ್ವ?”

“ಹಾಸ್ದಾಗ್ಲೇ ಗೊತ್ತಾಯ್ತು ಸಾರ್.”

“ಮತ್ತೆ?”

“ಅರ್ಧ ಗಂಟೆ ಸುಮ್ಕೇ ಇದ್ದೆ. ಆಮ್ಯಾಕೆ ಕೈ ಇಟ್ಟು ನೋಡ್ದೆ. ಮಿಷಿನ್ ಕಾಯೋದ ನೋಡ್ಕಂಡು ಕುಂತ್ಕಳಕ್ಕೆ ನನ್ಗೆ ಆಗಲ್ಲ ಸಾರ್. ಒಂಬತ್ತು ವರ್ಸದಿಂದ ಅದೊಂದೇ ತಾನೆ ನಾನು ಕಲ್ತಿರೋದು.” ಕುರ್ಚಿಯಿಂದ ಸ್ವೆಟರ್ ತೆಗೆದುಕೊಂಡು, “ಇದ್ದಂಗೆ ಬರ್ದುಬುಡಿ” ಎಂದರು.

ನನಗೆ ನಾಚಿಕೆಯಾಯಿತು. ಅವರ ಕೆಲಸ ಉಳಿಸಲು ಹೊರಟ ನಾನು ಅವರ ಕೆಲಸ ಏನೆಂಬುದನ್ನೇ ತಿಳಿದುಕೊಂಡಿರಲಿಲ್ಲ. ವರದಿಯನ್ನು ಇದ್ದ ಹಾಗೆಯೇ ಬರೆದೆ. ಮೊದಲ ಅರ್ಧ ಗಂಟೆ ಲ್ಯಾಪ್‌ಟಾಪ್ ಅಡಿಯಲ್ಲಿ ಸ್ವೆಟರ್ ಇತ್ತು, ಇಟ್ಟವನು ನಾನು, ಆಗ ಸರ್ವರ್ ಮುಂದಿತ್ತು. ಸ್ವೆಟರ್ ತೆಗೆದು ಗಾಳಿ ಆಡುವಂತೆ ಮಾಡಿದವರು ಅಟೆಂಡರ್, ಆಮೇಲೆ ಲ್ಯಾಪ್‌ಟಾಪ್ ಗೆದ್ದಿತು. ಹೊಸ ಯಂತ್ರಕ್ಕೂ ನೋಡಿಕೊಳ್ಳುವವರು ಬೇಕು ಎಂದು ಕೊನೆಗೊಂದು ಸಾಲು ಸೇರಿಸಿದೆ. ಕಾರ್ಯದರ್ಶಿ ನಾನು ಇಟ್ಟ ಸ್ವೆಟರಿಗೆ ನನಗೊಂದು ಮೆಮೊ ಕೊಟ್ಟರು. ಕೊನೆಯ ಸಾಲಿಗೆ ಕೆಂಪು ಇಂಕಿನಲ್ಲಿ ಗೆರೆ ಎಳೆದು ‘ಅನವಶ್ಯಕ’ ಎಂದು ಬರೆದರು. ಮೇ ತಿಂಗಳ ಕೊನೆಗೆ ಆಕೆಯ ಆದೇಶ ಮುಗಿಯಿತು.

ಕೊನೆಯ ದಿನ ದಾಖಲೆಗಳನ್ನೆಲ್ಲ ಬೇರೆ ಕಡೆಗೆ ಹಾಕಿ ಮುಗಿಸಿದ್ದೆ. ಸರ್ವರನ್ನು ಆರಿಸುವ ಕೆಲಸ ಆಕೆಗೇ ಬಿಟ್ಟೆ. ಆಕೆ ಗುಂಡಿ ಒತ್ತಿ, ಒಳಗಿನ ಫ್ಯಾನುಗಳು ಒಂದೊಂದಾಗಿ ನಿಲ್ಲುವವರೆಗೂ ಅದರ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಆ ಫ್ಯಾನುಗಳ ಸದ್ದಿನಲ್ಲಿ ನಾವಿಬ್ಬರೂ ಒಂಬತ್ತು ವರ್ಷ ಕೂಗಿಕೊಂಡೇ ಮಾತಾಡಿದ್ದೆವು. ಸದ್ದು ನಿಂತದ್ದು ನನ್ನ ಗಮನಕ್ಕೆ ಬರಲಿಲ್ಲ.

“ನಂದು ತಪ್ಪಾಯ್ತು ಕಣಮ್ಮ” ಎಂದು ಅದೇ ಗಂಟಲಿನಲ್ಲಿ ಕೂಗಿದೆ. ಮೊಗಸಾಲೆಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು.

“ಮೆಲ್ಲಗೆ ಹೇಳಿ ಸಾರ್” ಎಂದರು ಆಕೆ. “ಈಗ ಕೇಳಿಸ್ತದೆ.”